ನಿಲ್ದಾಣದ ಅಳತೆ ನಿರ್ಧರಿಸುವುದು ರಾಕೆಟ್ಟಿನ ಮೂಗು

ಖಾಸಗಿ ಬಾಹ್ಯಾಕಾಶ ನಿಲ್ದಾಣದ ಚಿತ್ರ ನೋಡಿದವರು ಒಳಗೆ ಎಷ್ಟು ಜನ ಇರಬಹುದು ಎಂದು ಕೇಳುತ್ತಾರೆ. ನಿಲ್ದಾಣದ ಘಟಕವನ್ನು, ಅಂದರೆ ಮಾಡ್ಯೂಲನ್ನು, ರಾಕೆಟ್ಟಿಗೆ ಕೂರಿಸುವ ಕೆಲಸದಲ್ಲಿರುವವರ ಮೊದಲ ಪ್ರಶ್ನೆಯೇ ಬೇರೆ: ಯಾವ ಫೇರಿಂಗ್? ಅಂದರೆ ರಾಕೆಟ್ಟಿನ ಮೂಗಿನಲ್ಲಿ ಸರಕನ್ನು ಮುಚ್ಚಿಡುವ ಚಿಪ್ಪು ಯಾವುದು?

ಫಾಲ್ಕನ್ 9 ರಾಕೆಟ್ಟಿನ ಫೇರಿಂಗ್ ಹೊರಗಿನಿಂದ 5.2 ಮೀಟರ್ ವ್ಯಾಸದ್ದು. ನಮಗೆ ದಕ್ಕುವುದು 4.6 ಮೀಟರ್ ಮಾತ್ರ. ಉಳಿದದ್ದು ಗೋಡೆಯ ದಪ್ಪಕ್ಕೆ, ಸದ್ದು ತಡೆಯುವ ಹೊದಿಕೆಗೆ, ಹಾರಾಟದಲ್ಲಿ ಫೇರಿಂಗೂ ಮಾಡ್ಯೂಲೂ ಅಲುಗಾಡುವಾಗ ಒಂದಕ್ಕೊಂದು ತಾಗದಿರಲು ಬಿಡುವ ಜಾಗಕ್ಕೆ ಹೋಗುತ್ತದೆ. ವಾಸ್ಟ್ ಕಂಪನಿಯ ಹೇವನ್-1 ಸುಮಾರು 4.4 ಮೀಟರ್ ವ್ಯಾಸಕ್ಕೆ ನಿಂತದ್ದು ಯಾಕೆ ಅನ್ನುವುದು ಇಲ್ಲೇ ಅರ್ಥವಾಗುತ್ತದೆ. ಸ್ಟಾರ್‌ಲ್ಯಾಬ್ ಎಂಬ ಇನ್ನೊಂದು ಖಾಸಗಿ ನಿಲ್ದಾಣ ಎಂಟು ಮೀಟರಿನ ಹತ್ತಿರದ್ದು, ಇಡಿಯಾಗಿ ಒಂದೇ ಉಡಾವಣೆಯಲ್ಲಿ ಹೋಗಬೇಕು. ಹಾಗಾಗಿ ಸ್ಟಾರ್‌ಶಿಪ್ ಎಂಬ ದೈತ್ಯ ರಾಕೆಟ್ ಬಿಟ್ಟರೆ ಅದಕ್ಕೆ ಗತಿಯಿಲ್ಲ. ಇನ್ನೊಂದು ದೊಡ್ಡ ರಾಕೆಟ್ ನ್ಯೂ ಗ್ಲೆನ್‌ನ 7 ಮೀಟರ್ ಫೇರಿಂಗ್ ಕೂಡ ಸಾಲದು. ಅಂಥ ನಿಲ್ದಾಣದ ವೇಳಾಪಟ್ಟಿ ನಿಲ್ದಾಣ ಕಟ್ಟುವವರ ಕೈಯಲ್ಲಿ ಅರ್ಧ ಮಾತ್ರ ಇರುತ್ತದೆ. ರಾಕೆಟ್ ತಡವಾದರೆ ಇನ್ನೊಂದಕ್ಕೆ ಬದಲಾಯಿಸುತ್ತೇವೆ ಎನ್ನುವ ಮಾತು ಸ್ಲೈಡಿನಲ್ಲಿ ಮಾತ್ರ ಚೆಂದ.

ವ್ಯಾಸದ ಲೆಕ್ಕ ತಪ್ಪುವುದು ಹೆಚ್ಚಾಗಿ ಲೋಹದ ಗೋಡೆಯಲ್ಲಿ ಅಲ್ಲ, ಅದರ ಮೇಲೆ ಅಂಟಿಕೊಂಡಿರುವ ವಸ್ತುಗಳಲ್ಲಿ. ಸೂಕ್ಷ್ಮ ಉಲ್ಕೆಗಳಿಂದ ಕಾಪಾಡುವ ಕವಚವನ್ನು ಒತ್ತಡದ ಗೋಡೆಯಿಂದ ಸುಮಾರು 10 ಸೆಂ.ಮೀ. ದೂರದಲ್ಲಿ ನಿಲ್ಲಿಸಬೇಕು. ಎರಡೂ ಬದಿ ಸೇರಿಸಿದರೆ 20 ಸೆಂ.ಮೀ. ಹೋಯಿತು. ಕೈಹಿಡಿಗಳು, ಆಂಟೆನಾ, ಮಡಚಿಟ್ಟ ಸೌರಫಲಕ, ಕೇಬಲ್ ಕಟ್ಟುಗಳಿಗೆ ಇನ್ನಷ್ಟು. ಪದರಪದರದ ಉಷ್ಣ ಹೊದಿಕೆ ಡ್ರಾಯಿಂಗಿನಲ್ಲಿ ಚಪ್ಪಟೆಯಾಗಿಯೇ ಇರುತ್ತದೆ. ಆದರೆ ಗಾಳಿ ಹೊರಹೋಗಲು ತೂತು ಸಾಲದಿದ್ದರೆ, ರಾಕೆಟ್ ಮೇಲೇರುತ್ತಿದ್ದಂತೆ ಅದು ಪೂರಿಯಂತೆ ಉಬ್ಬುತ್ತದೆ.

ಗಾಳಿ ಬಿಡುವ ದಾರಿಯನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಮೊದಲ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ಗಿಂತ ದೊಡ್ಡ ಪಾಠವಿಲ್ಲ. 1973ರ ಮೇ 14ರಂದು ಸ್ಯಾಟರ್ನ್ 5 ರಾಕೆಟ್ ಅದನ್ನು ಹೊತ್ತು ಹಾರಿತು. 63 ಸೆಕೆಂಡಿನ ಹೊತ್ತಿಗೆ ಉಲ್ಕಾ ಕವಚ ಕಿತ್ತುಹೋಯಿತು. ಕೇಬಲ್ ಸಾಗುವ ಒಂದು ಪಕ್ಕದ ಸುರಂಗದ ಹಿಂದಿನ ತುದಿ ಸರಿಯಾಗಿ ಮುಚ್ಚಿರಲಿಲ್ಲ; ಅಲ್ಲಿಂದ ನುಗ್ಗಿದ ಗಾಳಿಯ ಒತ್ತಡ ಕವಚದ ಅಂಚನ್ನು ಎತ್ತಿ ಹೊರಗಿನ ವೇಗದ ಗಾಳಿಗೆ ಒಡ್ಡಿತು. ಒಂದು ಸೌರರೆಕ್ಕೆಯ ಹಿಡಿತ ಸಡಿಲವಾಗಿ, ಆಮೇಲೆ ಕಳಚಿದ ಎರಡನೇ ಹಂತವನ್ನು ಹಿಂದೆ ಸರಿಸುವ ರೆಟ್ರೊ ರಾಕೆಟ್‌ಗಳ ಹೊಗೆ ತಾಗಿ ಹಾರಿಹೋಯಿತು. ಇನ್ನೊಂದು ಕವಚದ ಚೂರಿಗೆ ಸಿಕ್ಕಿ ಬಿಚ್ಚಿಕೊಳ್ಳಲಿಲ್ಲ. ಒಳಗಿನ ಬಿಸಿ 50 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ನಿಲ್ದಾಣಕ್ಕೆ ಗಗನಯಾತ್ರಿಗಳಾದ ಕಾನ್ರಾಡ್, ಕೆರ್ವಿನ್, ವೈಟ್ಜ್ ಹೋಗಿ ಕೊಡೆಯಂಥ ಹೊದಿಕೆ ಬಿಡಿಸಬೇಕಾಯಿತು. ಗಮನಿಸಬೇಕಾದ ವಿಷಯ, ಕವಚ ನಿಲ್ದಾಣದ ಗೋಡೆಗೆ ಬಿಗಿಯಾಗಿ ಕೂತಿರುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಹಾಗಾಗಿ ಅದರಡಿಯ ಗಾಳಿಯ ಹೊಣೆ ಯಾರದೂ ಆಗಿರಲಿಲ್ಲ. ಇಂದಿಗೂ ರಾಕೆಟ್ ತಂಡ ಮತ್ತು ಮಾಡ್ಯೂಲ್ ತಂಡದ ನಡುವಿನ ಇಂಟರ್‌ಫೇಸ್ ದಾಖಲೆಯಲ್ಲಿ ಪ್ರತಿ ಟೊಳ್ಳು ಜಾಗದ ಎದುರು ಒಬ್ಬರ ಹೆಸರು ಇರಲೇಬೇಕು.

ಕಂಪನದ ವಿಷಯ ಬೇಗ ಹೇಳಿ ಮುಗಿಸಬಹುದು, ಮಾಡಿ ಮುಗಿಸಲು ತಿಂಗಳುಗಳೇ ಬೇಕು. ಮಾಡ್ಯೂಲಿನ ಸಹಜ ಕಂಪನ ಅಡ್ಡಡ್ಡಲಾಗಿ 10 ಹರ್ಟ್ಸ್, ಉದ್ದಕ್ಕೆ 25 ಹರ್ಟ್ಸ್ ಮೀರಿರಬೇಕು ಎಂಬಂಥ ಷರತ್ತುಗಳಿರುತ್ತವೆ. ರಾಕೆಟ್ ಮತ್ತು ಮಾಡ್ಯೂಲ್ ಮಾದರಿಗಳನ್ನು ಕೂಡಿಸಿ ಕಪಲ್ಡ್ ಲೋಡ್ಸ್ ಅನಾಲಿಸಿಸ್ (ಎರಡೂ ಒಟ್ಟಿಗೆ ಅಲುಗಿದಾಗ ಬೀಳುವ ಹೊರೆಯ ಲೆಕ್ಕ) ಮಾಡುತ್ತಾರೆ, ಅದೂ ಒಂದಕ್ಕಿಂತ ಹೆಚ್ಚು ಸಲ. ಕೊನೆಯ ಸುತ್ತಿನ ನಂತರ ಯಾರೋ ಉಪಕರಣ ಇಡುವ ಒಂದು ರ‍್ಯಾಕ್ ಸೇರಿಸಿದರೆ ಗುರುತ್ವ ಕೇಂದ್ರ ಜರುಗಿ, ಲೆಕ್ಕ ಮತ್ತೆ ಮೊದಲಿಂದ. ನೀರಿನ ತೊಟ್ಟಿ ತುಂಬಿದ್ದರೆ ಸರಿ, ಖಾಲಿಯಿದ್ದರೂ ಸರಿ. ಅರೆತುಂಬಿದ್ದರೆ ನೀರು ತುಳುಕಿ ತಲೆನೋವು.

ಬಾಗಿಲಿನ ಅಳತೆಯೂ ಉಡಾವಣೆಯ ತೂಕವನ್ನೇ ಹಿಡಿದು ಎಳೆಯುತ್ತದೆ. ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಬರ್ಥಿಂಗ್ ಹ್ಯಾಚ್ (ಯಾಂತ್ರಿಕ ತೋಳು ನೌಕೆಯನ್ನು ಹಿಡಿದು ಜೋಡಿಸುವ ಬಾಗಿಲು) 1.27 ಮೀಟರ್ ಚೌಕ. ನೌಕೆ ತಾನಾಗಿಯೇ ಬಂದು ಕೂಡುವ ಡಾಕಿಂಗ್ ದಾರಿ 80 ಸೆಂ.ಮೀ. ಮಾತ್ರ. ಪ್ರಮಾಣಿತ ಪ್ರಯೋಗ ರ‍್ಯಾಕಿನ ಅಗಲ ಸುಮಾರು 1.05 ಮೀಟರ್. ಡಾಕಿಂಗ್ ಬಾಗಿಲಷ್ಟೇ ಇರುವ ನಿಲ್ದಾಣಕ್ಕೆ ಆ ರ‍್ಯಾಕ್ ಆಮೇಲೆ ಹೋಗುವುದಿಲ್ಲ. ಒಂದೋ ಮೊದಲ ಹಾರಾಟದಲ್ಲೇ ಒಳಗಿಟ್ಟು ಕಳಿಸಬೇಕು, ಇಲ್ಲವೇ ಚಿಕ್ಕ ಪೆಟ್ಟಿಗೆಗಳಾಗಿ ಒಡೆದು ಕಕ್ಷೆಯಲ್ಲಿ ಜೋಡಿಸಬೇಕು. ನನ್ನ ಮತ ಎರಡನೆಯದಕ್ಕೆ. ಮೊದಲ ಉಡಾವಣೆಯಲ್ಲಿ ಉಳಿಸಿದ ಪ್ರತಿ ಕಿಲೋ ಗೋಡೆಗೂ ಕವಚಕ್ಕೂ ಬೇಕಾಗುತ್ತದೆ.

ಮೊದಲ ಮಾಡ್ಯೂಲಿಗೆ ಉಡಾವಣೆಯ ಹೊತ್ತು ಸಡಿಲ, ಕಕ್ಷೆಯಲ್ಲಿ ಹೋಗಿ ಸೇರಬೇಕಾದ ಗುರಿ ಇನ್ನೂ ಇಲ್ಲ. ಆಮೇಲೆ ಹೋಗುವ ಪ್ರತಿ ನೌಕೆಗೂ ನಿಮಿಷದ ಲೆಕ್ಕ. ಭೂಮಿ ನಿಮಿಷಕ್ಕೆ ಕಾಲು ಡಿಗ್ರಿ ತಿರುಗುತ್ತದೆ. 51.6 ಡಿಗ್ರಿ ವಾಲಿದ ಕಕ್ಷೆಯಲ್ಲಿ ಒಂದು ನಿಮಿಷ ತಡವಾದರೆ ಕಕ್ಷೆಯ ತಲ ಸುಮಾರು 0.2 ಡಿಗ್ರಿ ತಪ್ಪುತ್ತದೆ. ಸರಿಪಡಿಸಲು ಸೆಕೆಂಡಿಗೆ ಸುಮಾರು 26 ಮೀಟರ್ ವೇಗ ಬೇಕು. ರಾಕೆಟ್ ದಾರಿಯಲ್ಲೇ ತಿದ್ದಿಕೊಳ್ಳದೆ 12 ಟನ್ ನೌಕೆಯೇ ಅದನ್ನು ಮಾಡಬೇಕಾದರೆ ನೂರು ಕಿಲೋ ಇಂಧನ ಖರ್ಚು. ಅದರ ಮೇಲೆ ಫಾಲ್ಕನ್ 9ರಲ್ಲಿ ಅತಿ ತಣಿಸಿದ ದ್ರವ ಆಮ್ಲಜನಕವನ್ನು ಕೊನೆಯ ಗಳಿಗೆಯಲ್ಲಿ ತುಂಬುತ್ತಾರೆ. ಉಡಾವಣೆ ತಡಮಾಡುತ್ತಾ ನಿಂತರೆ ಅದು ಬೆಚ್ಚಗಾಗುತ್ತದೆ. ಹಾಗಾಗಿ ಕೊನೆಯ ನಿಮಿಷಗಳಲ್ಲಿ ಒಂದು ಸೆನ್ಸರ್ ಮುನಿಸಿಕೊಂಡರೂ ಆ ದಿನ ಮುಗಿದಂತೆ. ಮರುದಿನದ ಹೊತ್ತು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಮುಂಚೆ ಬರುತ್ತದೆ, ಕೊನೆಗೆ ತುಂಬಿದ ಜೀವಕೋಶದ ಮಾದರಿಗಳನ್ನು ಅಷ್ಟರೊಳಗೆ ಹೊರತೆಗೆದು ಹೊಸದು ಇಡಬೇಕು. ಗ್ರಾಹಕರ ಜೊತೆಗಿನ ಒಪ್ಪಂದದಲ್ಲಿ ಎರಡನೇ ಸೆಟ್ ಮಾದರಿ ಯಾರ ಖರ್ಚಿನದು ಎಂಬ ಸಾಲನ್ನು ಮೊದಲೇ ಬರೆಸಿಕೊಳ್ಳಿ.