ಸ್ಕೋರಿನಲ್ಲಿ ಕಾಣದ ಹೆಪ್ಪು

2021ರ ಮೇ ತಿಂಗಳು, ಕೋವಿಡ್‌ನ ಎರಡನೇ ಅಲೆ. ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ನಾನು ಸಿಟಿ ಸ್ಕ್ಯಾನ್ ಟೆಕ್ನಿಷಿಯನ್. ಜನ ಆಗ ‘ಊಟ ಆಯ್ತಾ’ ಅಂತ ಕೇಳುವುದನ್ನು ಬಿಟ್ಟು ‘ಸ್ಕೋರ್ ಎಷ್ಟು’ ಅಂತ ಕೇಳುತ್ತಿದ್ದರು. ಎದೆಯ ಸಿಟಿಯಲ್ಲಿ ಕಾಣುವ ಸೋಂಕಿಗೆ 25ಕ್ಕೆ ಎಷ್ಟು ಅನ್ನುವ ಲೆಕ್ಕ. ಹತ್ತರೊಳಗೆ ಇದ್ದರೆ ನಿಟ್ಟುಸಿರು, ಹದಿನೈದು ದಾಟಿದರೆ ಅಳು. ಸುಮ್ಸುಮ್ನೆ ಸಿಟಿ ಮಾಡಿಸಬೇಡಿ ಅಂತ ದೆಹಲಿ ಏಮ್ಸ್‌ನ ಆಗಿನ ನಿರ್ದೇಶಕ ರಣದೀಪ್ ಗುಲೇರಿಯಾ ಅವರು ಹೇಳಿದರೂ ನಮ್ಮ ಬಾಗಿಲ ಮುಂದಿನ ಸಾಲು ಕರಗಲಿಲ್ಲ.

ಒಂದು ಮಧ್ಯಾಹ್ನ ವಾರ್ಡಿನಿಂದ ಫೋನ್ ಬಂತು. ಪಲ್ಮನರಿ ಆಂಜಿಯೋ, ಕ್ರಿಯಾಟಿನಿನ್ ನಾರ್ಮಲ್, ಕಳಿಸ್ತಿದ್ದೀವಿ ಅಂದರು. ಅಂದರೆ ಡೈ ಬಿಟ್ಟು ಶ್ವಾಸಕೋಶದ ರಕ್ತನಾಳ ನೋಡುವ ಸ್ಕ್ಯಾನ್; ಡೈ ಹಾಕುವ ಮೊದಲು ನೋಡುವ ಕಿಡ್ನಿಯ ಟೆಸ್ಟ್ ಸರಿಯಿದೆ ಅಂತ. ಹರಿಹರದ ಕಡೆಯವರು, ಅರವತ್ತರ ಆಸುಪಾಸು, ಹಳ್ಳಿಯ ಹಾಲಿನ ಡೈರಿ ನೋಡಿಕೊಳ್ಳುತ್ತಿದ್ದವರು. ಐದು ದಿನದ ಹಿಂದೆ ಅವರಿಗೆ ನಾನೇ ಸಾದಾ ಸ್ಕ್ಯಾನ್ ಮಾಡಿದ್ದೆ. ಸ್ಕೋರ್ 9. ಜ್ವರ ಬಿಟ್ಟಿತ್ತು, ಆಕ್ಸಿಜನ್ ಕಡಿಮೆ ಮಾಡುತ್ತಾ ಬಂದಿದ್ದರು. ಬೆಳಿಗ್ಗೆ ಬಾತ್‌ರೂಮಿಗೆ ಹೋಗಿ ಬಂದಿದ್ದೇ ತಡ, ಉಸಿರು ಸಾಲಲಿಲ್ಲ. ಸ್ಯಾಚುರೇಷನ್ 94ರಿಂದ 84ಕ್ಕೆ ಇಳಿಯಿತು. ಮೈಯಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಏರುವ ಡಿ-ಡೈಮರ್ ಅನ್ನುವ ರಕ್ತಪರೀಕ್ಷೆಯ ಅಂಕಿ ಏರಿತ್ತು. ಆದರೆ ಆಗ ಯಾರದ್ದು ಏರಿರಲಿಲ್ಲ ಹೇಳಿ? ಕೋವಿಡ್‌ನ ಉರಿಯೂತಕ್ಕೇ ಅದು ಏರುತ್ತದೆ. ಅದೊಂದನ್ನೇ ನಂಬಿ ಕ್ಲಾಟ್ ಇದೆ ಅನ್ನೋಕಾಗಲ್ಲ.

ಸ್ಕೋರ್ ಹೇಳುವುದು ಸೋಂಕು ಶ್ವಾಸಕೋಶದ ಎಷ್ಟು ಭಾಗಕ್ಕೆ ಹರಡಿದೆ ಅಂತ ಮಾತ್ರ. ರಕ್ತನಾಳದೊಳಗೆ ಹೆಪ್ಪು ಕೂತಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಸಾದಾ ಸಿಟಿಯಲ್ಲಿ ರಕ್ತವೂ ಬೂದು, ಹೆಪ್ಪೂ ಹೆಚ್ಚುಕಡಿಮೆ ಬೂದು. ಎರಡನ್ನೂ ಬೇರೆ ಮಾಡಿ ನೋಡಲು ಅಯೋಡಿನ್ ಇರುವ ಡೈ ಬಿಡಬೇಕು.

ಅವರ ಮಣಿಕಟ್ಟಿನಲ್ಲಿ ನೀಲಿ ಕ್ಯಾನುಲಾ, ಅಂದರೆ ಡ್ರಿಪ್ ಹಾಕುವ ಸಣ್ಣ ಕೊಳವೆ, ಇತ್ತು. ಸೆಕೆಂಡಿಗೆ 4 ಮಿ.ಲೀ. ವೇಗದಲ್ಲಿ ಡೈ ನುಗ್ಗಿದರೆ ಅದನ್ನು ನಂಬುವ ಹಾಗಿಲ್ಲ. ಮೊಣಕೈ ಒಳಭಾಗಕ್ಕೆ ಅದಕ್ಕಿಂತ ದಪ್ಪನೆಯ ಹಸಿರು ಹಾಕಬೇಕು. ಎರಡೆರಡು ಗ್ಲೌಸ್, ಮಂಜು ಹಿಡಿದ ಕನ್ನಡಕ. ಸಿಸ್ಟರ್‌ಗೆ ನರವೇ ಸಿಗುತ್ತಿಲ್ಲ. ಮೂರನೇ ಸಲ ಚುಚ್ಚಿದಾಗ ಸಿಕ್ಕಿತು. ಪಾಪ, ಅವರು ಕಮಕ್ ಕಿಮಕ್ ಅನ್ನಲಿಲ್ಲ.

“ಮತ್ತೆ ಯಾಕೆ ತಮ್ಮಾ ಸ್ಕ್ಯಾನು?”

“ರಕ್ತ ಎಲ್ಲಾದ್ರೂ ಹೆಪ್ಪುಗಟ್ಟಿದೆಯಾ ಅಂತ ನೋಡೋಕೆ ಯಜಮಾನ್ರೇ.”

“ಹೆಪ್ಪು ಹಾಕಿದೋರು ಯಾರಪ್ಪಾ?”

ಡೈರಿಯವರಲ್ವಾ! ನಗಲು ಹೋಗಿ ಕೆಮ್ಮಿದರು.

ಮೈಯೆಲ್ಲ ಬಿಸಿ ಆಗುತ್ತೆ, ಮೂತ್ರ ಹೋದ ಹಾಗೆ ಅನ್ನಿಸುತ್ತೆ, ಹೋಗಿರಲ್ಲ, ಹೆದರಬೇಡಿ ಅಂತ ಹೇಳಿ ಹೊರಗೆ ಬಂದೆ. ಯಂತ್ರದ ರೆಕಾರ್ಡೆಡ್ ದನಿಯನ್ನು ಆಫ್ ಮಾಡಿದೆ. ಅದು ಉಸಿರನ್ನು ಪೂರ್ತಿ ಒಳಗೆಳೆಯಿರಿ ಅನ್ನುತ್ತದೆ. ಜೋರಾಗಿ ಎಳೆದರೆ ಹೊಟ್ಟೆಯ ಕಡೆಯಿಂದ ಡೈ ಇಲ್ಲದ ರಕ್ತ ನುಗ್ಗಿ ಬಂದು ಡೈ ತೆಳುವಾಗುವ ಭಯ. ಅದಕ್ಕೇ ಮೈಕಿನಲ್ಲಿ ನಾನೇ ಹೇಳಿದೆ, “ಎಳೀಬೇಡಿ, ಇದ್ದ ಹಾಗೇ ನಿಲ್ಸಿ.”

ಶ್ವಾಸಕೋಶಕ್ಕೆ ಹೋಗುವ ದೊಡ್ಡ ನಾಳದ ಮೇಲೆ ಪುಟ್ಟ ವೃತ್ತ ಇಟ್ಟು ಕಾಯುತ್ತೇವೆ. ಡೈ ಅಲ್ಲಿಗೆ ಬಂದ ಕೂಡಲೇ ಪರದೆಯ ಮೇಲಿನ ಗೆರೆ ಏರುತ್ತದೆ. ಆಮೇಲೆ ಐದಾರು ಸೆಕೆಂಡಿನ ಕೆಲಸ. ತಡವಾದರೆ ಡೈ ಮುಂದೆ ಹೋಗಿಬಿಡುತ್ತದೆ, ಹಾಕಿದ 60 ಮಿ.ಲೀ. ದಂಡ. ಗೆರೆ ಏರಿತು, ಅವರು ಉಸಿರು ಹಿಡಿದರು. ಕೊನೆಯ ಸೆಕೆಂಡಿಗೆ ಎದೆ ಹಾರಿದ್ದು ಕಂಡಿತು. ಅಷ್ಟರಲ್ಲಿ ನಮ್ಮ ಕೆಲಸ ಮುಗಿದಿತ್ತು.

ಚಿತ್ರಗಳನ್ನು ಒಂದೊಂದಾಗಿ ಕೆಳಗಿಳಿಸುತ್ತಾ ಹೋದೆ. ನಾಳಗಳೆಲ್ಲ ಎಲೆ ಉದುರಿದ ಮರದ ಕೊಂಬೆಗಳ ಹಾಗೆ ಬೆಳ್ಳಗೆ. ಬಲಗಡೆ ಕೆಳಗಿನ ಕೊಂಬೆಯಲ್ಲಿ ಮಾತ್ರ ಸುತ್ತ ಬಿಳಿ, ನಡುವೆ ಕಪ್ಪು ಚುಕ್ಕೆ. ಥೇಟ್ ಪೋಲೋ ಪೆಪ್ಪರ್‌ಮಿಂಟು. ರೇಡಿಯಾಲಜಿಯಲ್ಲಿ ಅದಕ್ಕೆ ಆ ಹೆಸರೇ ಇದೆ. ಇನ್ನೆರಡು ಚಿತ್ರ ಕೆಳಗೆ ಹೋದರೆ ಕೊಂಬೆ ಪೂರ್ತಿ ಕಪ್ಪು.

ನೆದರ್ಲೆಂಡ್ಸ್‌ನ ಐಸಿಯುಗಳಲ್ಲಿದ್ದ 184 ಕೋವಿಡ್ ರೋಗಿಗಳಲ್ಲಿ ಶೇ. 31 ಮಂದಿಗೆ ರಕ್ತ ಹೆಪ್ಪುಗಟ್ಟುವ ತೊಂದರೆ ಆಗಿತ್ತು, ಹೆಚ್ಚಿನವು ಶ್ವಾಸಕೋಶದಲ್ಲೇ ಅಂತ 2020ರ ವರದಿಯೊಂದನ್ನು ನಮ್ಮ ರೇಡಿಯಾಲಜಿ ಡಾಕ್ಟರು ಹಿಂದೆ ಓದಿ ಹೇಳಿದ್ದರು. ಆಗ ತಲೆಯಾಡಿಸಿದ್ದೆ, ಅಷ್ಟೇ. ಈಗ ಅವರಿಗೇ ಫೋನ್ ಮಾಡಿದೆ. “ಪೇಷಂಟನ್ನು ಟೇಬಲ್ ಮೇಲಿಂದ ಹುಷಾರಾಗಿ ಇಳಿಸಿ. ವಾರ್ಡಿಗೆ ನಾನೇ ಹೇಳ್ತೀನಿ” ಅಂದರು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಡೋಸ್ ಆ ಸಂಜೆಯೇ ಏರಿಸಿದರಂತೆ. (ಅವರು ಉಳಿದರು. ಮೂರು ತಿಂಗಳಿಗೆ ರಕ್ತ ತೆಳು ಮಾಡುವ ಮಾತ್ರೆ ಬರೆಸಿಕೊಂಡು ಊರಿಗೆ ಹೋದರು ಅಂತ ಆಮೇಲೆ ಸಿಸ್ಟರ್ ಹೇಳಿದರು.)

ಆ ಹೊತ್ತಿಗೆ ಅದೆಲ್ಲ ನನಗೆ ಗೊತ್ತಿರಲಿಲ್ಲ. ಬಾಗಿಲು ತೆರೆದರೆ ಮಗಳು ಫ್ಲಾಸ್ಕ್ ಹಿಡಿದು ನಿಂತಿದ್ದರು.

“ಅಣ್ಣಾ, ಸ್ಕೋರ್ ಎಷ್ಟು ಬಂತು?”

ರಿಪೋರ್ಟ್ ಹೇಳುವುದು ಡಾಕ್ಟರ ಕೆಲಸ, ನಾನು ಹೇಳುವ ಹಾಗಿಲ್ಲ. ಆಕೆ ಕೇಳಿದ್ದು ಸ್ಕೋರು ತಾನೇ.

“ಜಾಸ್ತಿ ಆದ ಹಾಗಿಲ್ಲ ಅಕ್ಕಾ” ಅಂದೆ.

ಆಕೆ ಫ್ಲಾಸ್ಕನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನನಗೆ ಕೈ ಮುಗಿದರು.