ಕಿತ್ತಳೆ ಪ್ಯಾಡ್ ಮೇಲೆ ಕೆಂಪು

ಆಯುಧ ಪೂಜೆ ಹತ್ತಿರ ಬಂದರೆ ಎಲ್ಲರಿಗೂ ಕಡ್ಲೆಪುರಿ, ಬೂದುಗುಂಬಳ ನೆನಪಾಗುತ್ತದೆ. ನನಗೆ ಒಂದು ಕೆಂಪು ಹ್ಯಾಚ್‌ಬ್ಯಾಕ್‌ನ ಬಾನೆಟ್ ನೆನಪಾಗುತ್ತದೆ.

ಆಗ ನಾನು ಬೆಂಗಳೂರಿನ ಮಾಗಡಿ ರಸ್ತೆ ಕಡೆ, ಕಾರು ತೊಳೆದು ಪಾಲಿಶ್ ಮಾಡೋ ಒಂದು ಡೀಟೇಲಿಂಗ್ ಅಂಗಡಿಯಲ್ಲಿ ಪಾಲಿಷರ್. ಹಬ್ಬದ ಹಿಂದಿನ ದಿನ. ಬೆಳಗ್ಗೆ ಏಳಕ್ಕೇ ಒಂಬತ್ತು ಗಾಡಿ ಸಾಲು ನಿಂತಿದ್ದವು, ಗಾಡಿ ನಿಲ್ಲಿಸಿ ಕೆಲಸ ಮಾಡೋ ಬೇ ಇರೋದು ಎರಡು. ಮೆತ್ತಗೆ ಉಜ್ಜೋ ಡಿಎ ಪಾಲಿಶ್ ಮೆಷಿನ್‌ನಲ್ಲಿ ಪ್ಯಾಡ್ ಕೂರೋ ಬ್ಯಾಕಿಂಗ್ ಪ್ಲೇಟ್ ಹೋಗಿ ಎರಡು ವಾರ ಆಗಿತ್ತು. "ಜೆ.ಸಿ. ರೋಡ್‌ಗೆ ಹೋದಾಗ ತರ್ತೀನಿ" ಅಂತ ಓನರ್ ದಿನಾ ಹೇಳುತ್ತಿದ್ದರು. ಅವರು ಜೆ.ಸಿ. ರೋಡ್‌ಗೆ ಹೋಗಲೇ ಇಲ್ಲ. ಹಾಗಾಗಿ ನನ್ನ ಕೈಗೆ ಸಿಕ್ಕಿದ್ದು ಜೋರಾಗಿ ಉಜ್ಜೋ ರೋಟರಿ ಮೆಷಿನ್.

ಕಾರು ಬಸವೇಶ್ವರನಗರದ ಒಬ್ಬ ರಿಟೈರ್ಡ್ ಅಂಕಲ್‌ದು. ನಮ್ಮ ಪ್ಯಾಕೇಜ್ ಗಿರಾಕಿ. ತಿಂಗಳಿಗೆ ಎರಡು ವಾಶ್, ಆರು ತಿಂಗಳಿಗೊಂದು ರಬ್ಬಿಂಗ್ ಪಾಲಿಶ್ ಫ್ರೀ. ಈ ಫ್ರೀ ಅನ್ನೋದನ್ನು ಯಾರು ಕಂಡುಹಿಡಿದರೋ ಗೊತ್ತಿಲ್ಲ. ಕಾರಿಗೆ ಬೇಕೋ ಬೇಡವೋ ಕೇಳೋ ಹಾಗಿಲ್ಲ. ಆರು ತಿಂಗಳಾಯ್ತಾ, ಉಜ್ಜು.

ಅಂಕಲ್‌ಗೆ ಕಾರೆಂದರೆ ಪ್ರಾಣ. ದಿನಾ ಬೆಳಗ್ಗೆ ವಾಕಿಂಗ್ ಮುಗಿಸಿ ಬಂದು, ಸಿಗ್ನಲ್‌ನಲ್ಲಿ ಮಾರುತ್ತಾರಲ್ಲ ಆ ಹಳದಿ ಬಟ್ಟೆ, ಅದರಲ್ಲಿ ಒಣ ಧೂಳನ್ನು ಗರಗರ ಅಂತ ಒರೆಸುತ್ತಿದ್ದರು. ನಮ್ಮೂರಿನ ಧೂಳು ಗೊತ್ತಲ್ಲ, ಅರ್ಧ ಕಾಂಕ್ರೀಟ್. ಅದನ್ನು ಒಣಗಿದ್ದಾಗಲೇ ತಿಕ್ಕಿದರೆ ಸ್ಯಾಂಡ್‌ಪೇಪರ್ ಹಾಕಿದಂತೆ. ಬಿಸಿಲಲ್ಲಿ ನಿಲ್ಲಿಸಿದರೆ ಬಾನೆಟ್ ತುಂಬ ಸಣ್ಣ ಗೀರುಗಳ ಜೇಡರ ಬಲೆ. ಆ ಬಲೆ ತೆಗೆಯೋಕೆ ನಾವು. ನಾವು ತೆಗೆದ ಮರುದಿನ ಬೆಳಗ್ಗೆ ಮತ್ತೆ ಹಳದಿ ಬಟ್ಟೆ. ಎರಡೂವರೆ ವರ್ಷ ಹೀಗೇ ನಡೆದಿತ್ತು. ಅವರಿಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಕೆಲಸ ಶುರು ಮಾಡೋ ಮುಂಚೆ ಪೇಂಟ್ ದಪ್ಪ ಅಳೆಯೋ ಗೇಜ್ ಇಟ್ಟೆ. ಇಡಲಿಲ್ಲ ಅಂತ ಯಾರೂ ಹೇಳಬಾರದು. ರೂಫ್ 118 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ), ಬಾಗಿಲು 112, ಬಾನೆಟ್ 240. ನಾನು ಎಡವಿದ್ದು ಇಲ್ಲೇ. 240 ನೋಡಿ ಖುಷಿಯಾದೆ. ರೀಪೇಂಟ್ ಆಗಿದೆ ಅಂತ ಗೊತ್ತಾಯಿತು. ಆದರೆ ತಲೆಗೆ ಬಂದ ಲೆಕ್ಕ ಏನು ಅಂದರೆ, 'ದಪ್ಪ ಇದೆ, ಧಾರಾಳವಾಗಿ ಕಟ್ ಮಾಡಬಹುದು, ಅಂದರೆ ಉಜ್ಜಿ ತೆಗೆಯಬಹುದು.' ಗೇಜ್ ಹೇಳೋದು ತಗಡಿನ ಮೇಲೆ ಒಟ್ಟು ಎಷ್ಟು ಕೂತಿದೆ ಅಂತ ಮಾತ್ರ. ಅದರಲ್ಲಿ ಅಡಿಯ ಪ್ರೈಮರ್ ಎಷ್ಟು, ಬಣ್ಣ ಎಷ್ಟು, ಮೇಲಿನ ಪಾರದರ್ಶಕ ಪದರ ಕ್ಲಿಯರ್ ಎಷ್ಟು ಅಂತ ಬಿಡಿಸಿ ಹೇಳಲ್ಲ. ಇದು ನನಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಹೊಸ ಹುಡುಗರಿಗೆ ನಾನೇ ಪಾಠ ಮಾಡಿದ್ದೆ.

ಟೆಸ್ಟ್ ಸ್ಪಾಟ್ ಮಾಡಲಿಲ್ಲ. ಏಣುಗಳಿಗೆ ಟೇಪ್ ಅಂಟಿಸಲಿಲ್ಲ. ಹೊಸ ಕಿತ್ತಳೆ ಫೋಮ್ ಪ್ಯಾಡ್, ಹೆವಿ ಕಾಂಪೌಂಡ್, 1800 ಆರ್‌ಪಿಎಂ. ಎಡಭಾಗ ಮುಗಿಸಿ ಬಲಕ್ಕೆ ಬಂದೆ. ಬಾನೆಟ್ ಮೇಲೆ ಉದ್ದಕ್ಕೆ ಒಂದು ಏಣು ಇತ್ತು. ಅದರ ಮೇಲೆ ಎರಡು ಪಾಸ್ ಹೋಗಿ ಪ್ಯಾಡ್ ಎತ್ತಿ ನೋಡಿದರೆ ಅಂಚಿನಲ್ಲಿ ತೆಳುವಾಗಿ ಗುಲಾಬಿ ಬಣ್ಣ.

ಕ್ಲಿಯರ್ ಇರೋ ಕಾರಲ್ಲಿ ಪ್ಯಾಡ್ ಮೇಲೆ ಬರಬೇಕಾದ್ದು ಬಿಳಿ ಹಿಟ್ಟು. ಬಣ್ಣ ಬಂತು ಅಂದರೆ ಕ್ಲಿಯರ್ ಮುಗಿದಿದೆ, ನೀನು ಅದರ ಕೆಳಗಿನ ಬಣ್ಣ, ಬೇಸ್ ಕೋಟ್ ಉಜ್ಜುತ್ತಿದ್ದೀಯ ಅಂತ ಅರ್ಥ. ಆದರೆ ಪ್ಯಾಡ್ ಕಿತ್ತಳೆ. ಹೊಸದು. 'ಪ್ಯಾಡೇ ಬಣ್ಣ ಬಿಡುತ್ತಿರಬೇಕು' ಅಂದುಕೊಂಡೆ. ಹಿಂದೆ ಇನ್ನೂ ಆರು ಗಾಡಿ ಇದ್ದವಲ್ಲ, ಹಾಗೆ ಅಂದುಕೊಳ್ಳೋದೇ ಸಲೀಸಾಗಿತ್ತು. ಇನ್ನೊಂದು ಪಾಸ್ ಹೊಡೆದೆ.

ಒರೆಸಿ ನೋಡಿದೆ. ವೀಳ್ಯದೆಲೆಯಷ್ಟು ಜಾಗ ಮಂಕಾಗಿತ್ತು. ಪಾಲಿಶ್ ಎಣ್ಣೆ ತೆಗೆಯೋ ಆಲ್ಕೊಹಾಲ್, ಐಪಿಎ ಹೊಡೆದೆ. ಒದ್ದೆಯಾದ ತಕ್ಷಣ ಪಳಪಳ ಹೊಳೆಯಿತು, ಜೀವ ಬಂದಂತಾಯಿತು. ನಾಲ್ಕು ಸೆಕೆಂಡ್. ಆರುತ್ತಾ ಆರುತ್ತಾ ಅಂಚಿನಿಂದ ಒಳಗೆ ಮತ್ತೆ ಮಂಕಾಯಿತು. ಮತ್ತೆ ಹೊಡೆದೆ, ಮತ್ತೆ ಹೊಳೆಯಿತು, ಮತ್ತೆ ಮಂಕು. ಮೂರನೇ ಸಲ ಹೊಡೆಯುವಾಗ ಕೈ ಸಣ್ಣಗೆ ನಡುಗುತ್ತಿತ್ತು. ಹದಿನೈದು ಅಡಿ ದೂರದಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಂಕಲ್ ಟೀ ಕುಡಿಯುತ್ತಿದ್ದರು. ನನ್ನ ಕಡೆ ನೋಡಿ ಕೈ ಬೀಸಿದರು. ನಾನೂ ಬೀಸಿದೆ.

ಓನರ್ ಬಂದರು. ಮೊಬೈಲ್ ಟಾರ್ಚ್ ಹಾಕಿ ಎರಡು ಸಲ ನೋಡಿದರು. ಬೈಯಲಿಲ್ಲ. "ಗ್ಲೇಜ್ ಹಾಕು, ಮೇಲೆ ವ್ಯಾಕ್ಸ್ ಎಳಿ. ಹಬ್ಬ ಒಂದು ಆಗಲಿ" ಅಂದರು ಮೆಲ್ಲಗೆ. ಗ್ಲೇಜ್ ಅಂದರೆ ಮಂಕನ್ನು ತಾತ್ಕಾಲಿಕವಾಗಿ ಮುಚ್ಚೋ ಹೊಳಪಿನ ಲೇಪ. ಹಾಕಿದೆ. ಸಂಜೆ ಐದೂವರೆಗೆ ಡೆಲಿವರಿ. ಅಂಕಲ್ ಬಾನೆಟ್‌ನಲ್ಲಿ ಮುಖ ನೋಡಿಕೊಂಡು, "ಕನ್ನಡಿ ಮಾಡಿಬಿಟ್ಟೆ ಕಣಪ್ಪ" ಅಂತ 200 ರೂಪಾಯಿ ಹಬ್ಬದ ಇನಾಮು ಕೊಟ್ಟರು. ತಗೊಂಡೆ.

ರಾತ್ರಿ ಶಟರ್ ಎಳೆದ ಮೇಲೆ ಹಳೆಯ ಜಾಬ್ ಕಾರ್ಡ್ ತೆಗೆದು ಕೂತೆ. ಎರಡೂವರೆ ವರ್ಷದಲ್ಲಿ ಇದು ಐದನೇ ಪಾಲಿಶ್. ಒಂದರಲ್ಲೂ ಮೈಕ್ರಾನ್ ಬರೆದಿಲ್ಲ. ಆ ಕಾಲಂ ಇಡೀ ಖಾಲಿ. 'ಗಿರಾಕಿ ಖುಷಿ' ಅನ್ನೋ ಕಾಲಂನಲ್ಲಿ ಮಾತ್ರ ಐದೂ ಕಡೆ ಟಿಕ್.

ಕಂಪನಿ ಪೇಂಟ್‌ನಲ್ಲಿ ಕ್ಲಿಯರ್ ಇರೋದು ಸುಮಾರು 35ರಿಂದ 50 ಮೈಕ್ರಾನ್. ಅಂದರೆ ನಮ್ಮ ತಲೆಕೂದಲಿಗಿಂತ ತೆಳು. ಒಂದು ಜೋರು ಕಟ್‌ಗೆ 3 ಮೈಕ್ರಾನ್ ಹೋಯಿತು ಅಂತ ಇಟ್ಟುಕೊಳ್ಳಿ, ಐದಕ್ಕೆ 15. 40 ಇದ್ದ ಕಾರಲ್ಲೇ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೋಯಿತು. ಈ ಬಾನೆಟ್ ಕಂಪನಿದೂ ಅಲ್ಲ. ಹಿಂದೊಮ್ಮೆ ತೆಂಗಿನಕಾಯಿ ಬಿದ್ದು ನೆಗ್ಗಿ, ಎಲ್ಲೋ ಪೇಂಟ್ ಹೊಡೆಸಿದ್ದರಂತೆ. ಹೊಡೆದವನು ಪ್ರೈಮರ್ ದಪ್ಪ ಬಳಿದು ಕ್ಲಿಯರ್ ತೆಳುವಾಗಿ ಹೊಡೆದು ಉಳಿಸಿದ್ದಾನೆ. ನನ್ನ 240 ಅಂದರೆ ಅದು. ಏಣಿನ ಮೇಲಂತೂ ಕ್ಲಿಯರ್ ನಿಲ್ಲೋದೇ ಕಮ್ಮಿ, ಪ್ಯಾಡ್ ಒತ್ತೋದು ಮಾತ್ರ ಅಲ್ಲೇ ಜಾಸ್ತಿ.

ಈಗ ಬೇರೆ ಕಡೆ ಇದ್ದೀನಿ. ಎಷ್ಟು ತಿಂಗಳಿಗೊಮ್ಮೆ ಪಾಲಿಶ್ ಮಾಡಿಸಬೇಕು ಅಂತ ಗಿರಾಕಿಗಳು ಕೇಳಿದರೆ ತಿಂಗಳ ಲೆಕ್ಕ ಬಿಡಿ ಅಂತೀನಿ. ಜೋರು ಕಟ್ ಕಾರಿನ ಇಡೀ ಆಯಸ್ಸಿಗೆ ಎರಡು ಸಲ, ಹೆಚ್ಚೆಂದರೆ ಮೂರು. ಲೈಟ್ ಫಿನಿಶ್ ಒಂದೂವರೆ-ಎರಡು ವರ್ಷಕ್ಕೊಮ್ಮೆ, ಅದೂ ಬಿಸಿಲಲ್ಲಿ ಗೀರು ಕಂಡರೆ. ಕೈಯಲ್ಲಿ ಹಚ್ಚೋ ವ್ಯಾಕ್ಸ್ ಎಷ್ಟು ಸಲ ಬೇಕಾದರೂ ಹಚ್ಚಿಕೊಳ್ಳಿ, ಅದರಲ್ಲಿ ಉಜ್ಜೋ ಪುಡಿ ಇಲ್ಲದಿದ್ದರೆ ಸಾಕು. ಅಪಾರ್ಟ್‌ಮೆಂಟ್‌ನಲ್ಲಿ ಒಂದೇ ಬಕೆಟ್, ಒಂದೇ ಬಟ್ಟೆಯಲ್ಲಿ ಹತ್ತು ಕಾರು ಒರೆಸುತ್ತಾರಲ್ಲ, ಮೊದಲು ಅದನ್ನು ನಿಲ್ಲಿಸಿ ಅಂತೀನಿ. ಆಮೇಲೆ ಬೋರ್‌ವೆಲ್ ನೀರಲ್ಲಿ ತೊಳೆದು ಬಿಸಿಲಿಗೆ ಹಾಗೇ ಒಣಗೋಕೆ ಬಿಡೋದನ್ನು. ಗಿರಾಕಿ ಮುಖ ಸಣ್ಣಗೆ ಮಾಡಿಕೊಳ್ಳುತ್ತಾರೆ, ಹೊಳಪು ಕೇಳೋಕೆ ಬಂದವರಿಗೆ ಬಕೆಟ್ ಪಾಠ ಯಾಕೆ ಬೇಕು. ಈಗಿನ ಓನರ್‌ಗೂ ಈ ಮಾತು ಅಷ್ಟು ಹಿಡಿಸಲ್ಲ. ಜಾಬ್ ಕಾರ್ಡ್‌ನಲ್ಲಿ ಮೈಕ್ರಾನ್ ಮಾತ್ರ ಬರೆದೇ ಬರೆಯುತ್ತೀನಿ, ಪ್ರತಿ ಸಲ ಅದೇ ಜಾಗದ್ದು, ಮುಂಚೆ ಎಷ್ಟು, ಆಮೇಲೆ ಎಷ್ಟು ಅಂತ. ಬಿಳಿ ಪ್ಯಾಡ್ ಬಿಟ್ಟು ಬೇರೆ ಬಣ್ಣದ್ದು ಮುಟ್ಟಲ್ಲ. ಅದು ಸುಮ್ನೆ ನನ್ನ ಹುಚ್ಚು.

ಆ ಸಲದ ಹಬ್ಬ ಆಗಿ ಮೂರು ವಾರಕ್ಕೆ ಅಂಕಲ್ ಬಂದರು. ಎರಡು ವಾಶ್‌ಗೆ ಗ್ಲೇಜ್ ಹೋಗಿತ್ತು. ಜಗಳಕ್ಕೇ ಬಂದಿದ್ದಾರೆ ಅಂತ ನಾನು ಕಂಪ್ರೆಸರ್ ಹಿಂದೆ ನಿಂತಿದ್ದೆ. ಅವರು ಮುಖ ಸಪ್ಪೆ ಮಾಡಿಕೊಂಡು, "ನನ್ನದೇ ತಪ್ಪು ಕಣಪ್ಪ. ಪೂಜೆ ಕುಂಕುಮ ಒರೆಸದೆ ಮೂರು ದಿನ ಬಿಟ್ಟುಬಿಟ್ಟೆ, ಬಣ್ಣ ತಿಂದುಹಾಕಿದೆ. ಇನ್ನೊಂದು ಸಲ ಪಾಲಿಶ್ ಮಾಡಿದರೆ ಹೋಗುತ್ತಾ?" ಅಂದರು.

ಓನರ್ ನನ್ನ ಕಡೆ ನೋಡಿ ಸಣ್ಣಗೆ ತಲೆ ಅಲ್ಲಾಡಿಸಿದರು, ಸುಮ್ಮನಿರು ಅಂತ. ಆದರೆ ಆ ಮನುಷ್ಯ ದೇವರ ಕುಂಕುಮದ ಮೇಲೆ ತಪ್ಪು ಹಾಕಿಕೊಂಡು ನಿಂತಿದ್ದರು. ಹೇಳಿಬಿಟ್ಟೆ. ಪ್ಯಾಡ್, ಗುಲಾಬಿ ಬಣ್ಣ, ಗ್ಲೇಜ್, ಎಲ್ಲ.

ಅಂಕಲ್ ತುಂಬ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಇಲ್ಲೀವರೆಗೆ ಎಷ್ಟು ಸಲ ಉಜ್ಜಿದ್ದೀರಿ?" ಅಂದರು. "ಐದು." "ಫ್ರೀ ಅಂತಿದ್ದರಲ್ಲ" ಅಂದರು.

ಬಾನೆಟ್‌ಗೆ ಹೊಸ ಪೇಂಟ್ ಆಯಿತು, ಅರ್ಧ ದುಡ್ಡು ನನ್ನ ಸಂಬಳದಲ್ಲಿ ಕಟ್ಟಾಯಿತು. ಆ 200 ರೂಪಾಯಿ ವಾಪಸ್ ಕೊಡೋಕೆ ಹೋದೆ, ತಗೊಳ್ಳಲಿಲ್ಲ. ಪ್ಯಾಕೇಜ್ ಮಾತ್ರ ಅವತ್ತೇ ಕ್ಯಾನ್ಸಲ್ ಮಾಡಿದರು.