ಟ್ರೊಮ್ಸೊದಿಂದ ಸ್ವಾಲ್‌ಬಾರ್ಡ್‌ಗೆ: ಹಾರಾಟ ಚಿಕ್ಕದು, ಇಟ್ಟುಕೊಳ್ಳಬೇಕಾದ ಸಮಯ ಜಾಸ್ತಿ

ನಾರ್ವೆಯ ಟ್ರೊಮ್ಸೊವರೆಗೆ ಹೋದವರಿಗೆ ಇನ್ನೂ ಉತ್ತರದ ಸ್ವಾಲ್‌ಬಾರ್ಡ್ ದ್ವೀಪಸಮೂಹದ ಮುಖ್ಯ ಊರು ಲಾಂಗ್‌ಇಯರ್‌ಬ್ಯೆನ್ ನೋಡುವ ಆಸೆ ಹುಟ್ಟುವುದು ಸಹಜ. ಆದರೆ ಫೋನಿನ ನಕ್ಷೆ ತೆರೆದರೆ ನಡುವಿನ ಸಮುದ್ರ ನೋಡಿಯೇ ಗಾಬರಿಯಾಗುತ್ತದೆ. ಗಾಬರಿ ಬೇಡ. ಧ್ರುವದ ಹತ್ತಿರ ಹೋದಂತೆ ಇಂಥ ನಕ್ಷೆ ಎಲ್ಲವನ್ನೂ ಹಿಗ್ಗಿಸಿ ತೋರಿಸುತ್ತದೆ. ಈ ದಾರಿಯ ನಡುಭಾಗ ಇರುವುದಕ್ಕಿಂತ ಮೂರೂವರೆ ಪಟ್ಟು ಉದ್ದ ಕಾಣುತ್ತದೆ.

ನಿಜವಾದ ದೂರವನ್ನು ನೀವೇ ಲೆಕ್ಕ ಹಾಕಬಹುದು. ಟ್ರೊಮ್ಸೊ ನಿಲ್ದಾಣ ಇರುವುದು ಸುಮಾರು 69.7 ಡಿಗ್ರಿ ಅಕ್ಷಾಂಶದಲ್ಲಿ, ಲಾಂಗ್‌ಇಯರ್‌ಬ್ಯೆನ್ ನಿಲ್ದಾಣ 78.2ರಲ್ಲಿ. ಹೆಚ್ಚುಕಡಿಮೆ ನೇರ ಉತ್ತರಕ್ಕೆ ಹಾರುವುದರಿಂದ ಒಂದು ಡಿಗ್ರಿಗೆ 111 ಕಿಲೋಮೀಟರ್ ಹಿಡಿದರೆ ಸಾಕು, ಸುಮಾರು 950 ಬರುತ್ತದೆ. ಜೆಟ್ ವಿಮಾನಕ್ಕೆ ಇದು ಒಂದೂ ಮುಕ್ಕಾಲು ಗಂಟೆಯ ಒಳಗಿನ ದಾರಿ. ಬೆಂಗಳೂರಿನಿಂದ ಮುಂಬೈಗೆ ಹೋದಷ್ಟೇ ಹೊತ್ತು. ಅರ್ಧ ದಾರಿಯಲ್ಲಿ ಬ್ಯೋರ್ನೊಯಾ ಎಂಬ ಒಂಟಿ ದ್ವೀಪವಿದೆ, ಮೋಡ ಇಲ್ಲದಿದ್ದರೆ ಕಾಣಬಹುದು. ಆಮೇಲೆ ಹಿಮನದಿಗಳು ಶುರುವಾಗುತ್ತವೆ. ಆ ಕೊನೆಯ ಹೊತ್ತು ದಯವಿಟ್ಟು ನಿದ್ದೆ ಮಾಡಬೇಡಿ, ಕಿಟಕಿ ಸೀಟು ಹಿಡಿಯಿರಿ.

ಇನ್ನು ಮುಖ್ಯ ವಿಷಯ, ವೀಸಾ. ಸ್ವಾಲ್‌ಬಾರ್ಡ್ ನಾರ್ವೆಗೇ ಸೇರಿದ್ದು, ಆದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಾದ ಷೆಂಗೆನ್ ವಲಯದ ಹೊರಗಿದೆ. ಅಲ್ಲಿಗೆ ಪ್ರತ್ಯೇಕ ವೀಸಾ ಬೇಕಿಲ್ಲ. ಆದರೆ ನಾವು ಟ್ರೊಮ್ಸೊದಲ್ಲಿ ವಿಮಾನ ಹತ್ತಿದ ಕೂಡಲೇ ಷೆಂಗೆನ್‌ನಿಂದ ಹೊರಬಿದ್ದ ಲೆಕ್ಕ, ವಾಪಸ್ ಬರುವಾಗ ಮತ್ತೆ ಒಳಗೆ ಬಂದ ಲೆಕ್ಕ. ಭಾರತದ ಪಾಸ್‌ಪೋರ್ಟ್ ಇರುವವರ ಷೆಂಗೆನ್ ವೀಸಾ ಕನಿಷ್ಠ ಎರಡು ಸಲ ಪ್ರವೇಶ ಕೊಡುವಂಥದ್ದೇ ಆಗಿರಬೇಕು. ಅರ್ಜಿ ಹಾಕುವಾಗಲೇ ಇದನ್ನು ಕೇಳಿಕೊಳ್ಳಿ, ಅಲ್ಲಿ ಹೋದ ಮೇಲೆ ಏನೂ ಮಾಡಲಾಗದು. ಓಸ್ಲೋದಿಂದ ಬರುವ ವಿಮಾನ ಟ್ರೊಮ್ಸೊದಲ್ಲಿ ನಿಂತು ಹೋಗುವಂಥದ್ದಾದರೆ, ಎಲ್ಲರೂ ಕೈಚೀಲದೊಂದಿಗೆ ಇಳಿದು, ಪಾಸ್‌ಪೋರ್ಟ್ ತೋರಿಸಿ, ಮತ್ತೆ ಅದೇ ವಿಮಾನ ಹತ್ತಬೇಕು. ಮಕ್ಕಳಿದ್ದರೆ ಇದಕ್ಕೆ ತಯಾರಾಗಿರಿ.

ಹವಾಮಾನದ್ದು ಇನ್ನೊಂದು ಕಥೆ. ಬೇಸಿಗೆಯಲ್ಲೂ ಮಂಜು ಕವಿಯುತ್ತದೆ. ಇಳಿಯಲಾಗದೆ ವಿಮಾನ ಟ್ರೊಮ್ಸೊಗೆ ಮರಳುವುದೂ ಉಂಟು. ಸುತ್ತಮುತ್ತ ಇಳಿಯಲು ಬೇರೆ ದೊಡ್ಡ ನಿಲ್ದಾಣ ಇಲ್ಲವಲ್ಲ! ಅದಕ್ಕೇ ಹೋಗುವ ದಿನವೇ ದುಬಾರಿ ದೋಣಿ ಪ್ರವಾಸ ಕಾದಿರಿಸಬೇಡಿ.

ಲಾಂಗ್‌ಇಯರ್‌ಬ್ಯೆನ್ ನಿಲ್ದಾಣ ಚಿಕ್ಕದು. ಲಗೇಜ್ ಬೆಲ್ಟಿನ ಮೇಲೆ ಹಿಮಕರಡಿಯ ಪ್ರತಿಮೆಯಿದೆ. ಹೊರಗೆ ಬಸ್ಸು ಕಾದಿರುತ್ತದೆ, ಹೋಟೆಲ್‌ಗಳ ಮುಂದೆ ಇಳಿಸುತ್ತದೆ. ಊರ ಗಡಿ ದಾಟಿ ಸುಮ್ನೆ ನಡೆಯಲು ಹೋಗಬೇಡಿ. ಕರಡಿಗಳು ನಿಜವಾಗಿಯೂ ಇವೆ, ಬಂದೂಕು ಇರುವ ಮಾರ್ಗದರ್ಶಿ ಜೊತೆಗಿರಬೇಕು. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಜೂನ್ ಅಥವಾ ಜುಲೈ.

ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಇದೇ ದ್ವೀಪಸಮೂಹದ ನ್ಯೂ-ಒಲೆಸುಂಡ್‌ನಲ್ಲಿದೆ. ಅಲ್ಲಿಗೆ ರಸ್ತೆ ಇಲ್ಲ. ಸಣ್ಣ ವಿಮಾನ ಹೋಗುವುದು ಅಲ್ಲಿ ಕೆಲಸ ಮಾಡುವವರಿಗಾಗಿ. ನೋಡಬೇಕೆಂದರೆ ಬೇಸಿಗೆಯ ಹಡಗು ಪ್ರವಾಸವೇ ದಾರಿ.

ವಾಪಸ್ ಬರುವಾಗ ಟ್ರೊಮ್ಸೊದಲ್ಲಿ ಪಾಸ್‌ಪೋರ್ಟ್ ತಪಾಸಣೆಯೂ ಕಸ್ಟಮ್ಸೂ ಇರುತ್ತವೆ. ಮುಂದಿನ ವಿಮಾನದ ಟಿಕೆಟ್ ಬೇರೆಯಾಗಿ ತೆಗೆದುಕೊಂಡಿದ್ದರೆ ಆ ರಾತ್ರಿ ಟ್ರೊಮ್ಸೊದಲ್ಲೇ ಉಳಿಯಿರಿ.